ಮನೆ ಬೆಚ್ಚಗೆ, ನೀರು ತಣ್ಣಗೆ

ನಮ್ಮ ಬೆರ್ರಿಯೆಸಾ ಮನೆಯ ಗ್ಯಾರೇಜಿನ ಗೋಡೆಯ ಮೇಲೆ ಒಂದು ಬಾಯ್ಲರ್ ಇದೆ. ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಡುವುದೂ ಅದೇ, ಸ್ನಾನಕ್ಕೆ ನೀರು ಕಾಯಿಸುವುದೂ ಅದೇ. ಮಂಗಳೂರಿನಿಂದ ಅತ್ತೆ ಬಂದ ಮರುದಿನವೇ ಅದು ಅರ್ಧ ಕೆಲಸ ಬಿಟ್ಟುಬಿಟ್ಟಿತು. ಕೋಣೆಗಳೆಲ್ಲ ಬೆಚ್ಚಗಿದ್ದವು, ಶವರಿನಲ್ಲಿ ಮಾತ್ರ ತಣ್ಣೀರು.

"ಪ್ಲಂಬರ್‌ಗೆ ಫೋನ್ ಮಾಡ್ಲಾ?" ಎಂದಳು ಹೆಂಡತಿ.

"ವೀಕೆಂಡ್ ತನಕ ತಡಿ, ನಾನೇ ನೋಡ್ತೀನಿ," ಎಂದೆ. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ಆಫೀಸಿನಲ್ಲಿ ನನ್ನ ಕೆಲಸ. ಅಂಥವನು ಅತ್ತೆಯ ಎದುರು ಗೋಡೆಯ ಮೇಲಿನ ಒಂದು ಡಬ್ಬಿಗೆ ಸೋಲುವುದುಂಟೆ?

ಮೊದಲು ಆಫ್ ಮಾಡಿ ಆನ್ ಮಾಡಿದೆ. ನನ್ನ ಇಡೀ ವೃತ್ತಿ ನಿಂತಿರುವುದೇ ಈ ವಿದ್ಯೆಯ ಮೇಲೆ. ಏನೂ ಆಗಲಿಲ್ಲ. ಆಮೇಲೆ ವಿಡಿಯೊಗಳನ್ನು ನೋಡಿದೆ. ಬಾಯ್ಲರಿನ ಒಳಗೊಂದು ವಾಲ್ವ್ ಇರುತ್ತದಂತೆ. ಬಿಸಿಯನ್ನು ಒಮ್ಮೆ ಕೋಣೆಗಳ ಕಡೆಗೆ, ಒಮ್ಮೆ ನಲ್ಲಿಗಳ ಕಡೆಗೆ ತಿರುಗಿಸುವುದು ಅದರ ಕೆಲಸ. ಕೋಣೆಗಳ ಕಡೆಗೇ ಸಿಕ್ಕಿಕೊಂಡರೆ ಹೀಗಾಗುತ್ತದಂತೆ. 'ಡೈವರ್ಟರ್ ವಾಲ್ವ್' ಎಂಬ ಹೆಸರು ಬಾಯಿಗೆ ಬಂದದ್ದೇ ತಡ, ಊಟಕ್ಕೆ ಕೂತಾಗಲೆಲ್ಲ ಅದನ್ನು ಉಪ್ಪಿನಕಾಯಿಯಂತೆ ಬಡಿಸತೊಡಗಿದೆ. ಅತ್ತೆ ಅಷ್ಟೂ ದಿನ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿಕೊಂಡು ಸ್ನಾನ ಮಾಡಿದರು. ಒಂದು ದಿನವೂ ಬೇಸರ ತೋರಿಸಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಶನಿವಾರ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಸ್ಪ್ಯಾನರಿನ ಹಿಡಿಯಿಂದ ಆ ವಾಲ್ವ್ ಇರಬಹುದಾದ ಜಾಗಕ್ಕೆ ಮೆಲ್ಲನೆ ತಟ್ಟಿದೆ. ಸ್ವಲ್ಪ ಹೊತ್ತಿಗೆ ಹೆಂಡತಿ ಬಾತ್‌ರೂಮಿನಿಂದ ಕೂಗಿದಳು: "ಏಯ್, ಬಿಸಿ ಬಂತು!"

ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ. ಸಂಜೆ ಮೌಂಟನ್ ವ್ಯೂನಿಂದ ಊಟಕ್ಕೆ ಬಂದ ಗೆಳೆಯನನ್ನು ಜಾಕೆಟ್ ಬಿಚ್ಚಲೂ ಬಿಡದೆ ಗ್ಯಾರೇಜಿಗೆ ಕರೆದೊಯ್ದು, ಎಲ್ಲಿ ತಟ್ಟಬೇಕು, ಎಷ್ಟು ತಟ್ಟಬೇಕು ಎಂದು ಪಾಠ ಮಾಡಿದೆ. ಪಾಪ, ಅವನದು ಬಾಡಿಗೆ ಅಪಾರ್ಟ್‌ಮೆಂಟು, ಬಾಯ್ಲರೇ ಇಲ್ಲ.

ಭಾನುವಾರ ಮತ್ತೆ ತಣ್ಣೀರು. ತಟ್ಟಿದೆ. ಆಮೇಲೆ ಗುದ್ದಿದೆ. ಸದ್ದು ಕೇಳಿ ಅತ್ತೆ ಗ್ಯಾರೇಜಿನ ಬಾಗಿಲಿಗೆ ಬಂದರು.

"ಎಂತ, ಪುನಃ ಹಾಳಾಯ್ತಾ? ನಿನ್ನೆ ಸರಿ ಇತ್ತಲ್ಲ?"

"ನಿನ್ನೆ ನಾನು ತಟ್ಟಿದ್ದಕ್ಕೆ ಸರಿಹೋಗಿತ್ತು ಅತ್ತೆ."

"ಹೌದಾ? ಟಾಯ್ಲೆಟಿನಲ್ಲಿ ತೊಳೆಯುವ ಆ ಸ್ಪ್ರೇಯಿಂದ ನೀರು ಬೀಳ್ತಾ ಉಂಟು ಅಂತ ನಿನ್ನೆ ಬೆಳಿಗ್ಗೆ ಅದರ ಕೆಳಗಿನ ನಲ್ಲಿ ಬಂದ್ ಮಾಡಿದ್ದೆ. ಇವತ್ತು ಬೇಕಾಯ್ತು, ಪುನಃ ತೆಗೆದೆ. ಅದಕ್ಕೂ ಇದಕ್ಕೂ ಸಂಬಂಧ ಇರ್ಲಿಕ್ಕಿಲ್ಲ, ಅಲ್ವಾ?"

ಸ್ಪ್ಯಾನರ್ ಕೆಳಗಿಟ್ಟೆ. ಆ ಸ್ಪ್ರೇ ಹಾಕಿದವನು ನಾನೇ. ಅತ್ತೆಗೆ ತಣ್ಣೀರು ತಾಗಬಾರದೆಂದು, ಅವರು ಬಂದ ದಿನ ಸಂಜೆಯೇ ಬಿಸಿನೀರು, ತಣ್ಣೀರು ಎರಡರ ಪೈಪುಗಳನ್ನೂ ಅದಕ್ಕೆ ಜೋಡಿಸಿದ್ದೆ. ಕೆಳಗಿನ ನಲ್ಲಿ ತೆರೆದಿದ್ದಾಗಲೆಲ್ಲ ತಣ್ಣೀರು ಅಲ್ಲಿಂದ ಬಿಸಿನೀರಿನ ಪೈಪಿಗೆ ನುಗ್ಗಿ, ಶವರಿಗೂ ಅದೇ ಬರುತ್ತಿತ್ತು. ಒಳಗೆ ನೀರು ಹರಿದಾಗ ಮಾತ್ರ ಕಾಯಿಸುವ ಬಾಯ್ಲರ್ ಅದು. ನೀರೇ ಹರಿಯದಿದ್ದರೆ, ಯಾರೋ ಸ್ನಾನಕ್ಕೆ ನಿಂತಿದ್ದಾರೆಂದು ಅದಕ್ಕೆ ತಿಳಿಯುವುದಾದರೂ ಹೇಗೆ?

ಹೋಗಿ ನಲ್ಲಿ ಮುಚ್ಚಿದೆ. ಶವರಿನಲ್ಲಿ ಹಬೆಯೆದ್ದಿತು. ಬಾಗಿಲಲ್ಲಿ ಹೆಂಡತಿ ಕೈಕಟ್ಟಿ ನಿಂತಿದ್ದಳು.

"ಲಾಸ್ಟ್ ಏನ್ ಚೇಂಜ್ ಮಾಡಿದ್ರಿ ಅಂತ ಆಫೀಸಲ್ಲಿ ಎಲ್ರನ್ನೂ ಕೇಳ್ತೀಯಲ್ಲ. ನಿನ್ನನ್ನ ಕೇಳೋರು ಯಾರೂ ಇರ್ಲಿಲ್ವಾ?"

ಸೋಮವಾರ ಪ್ಲಂಬರ್ ಬಂದು ನೀರು ಹಾಗೆ ಅಡ್ಡದಾರಿ ಹಿಡಿಯದಂತೆ ಸ್ಪ್ರೇಯನ್ನು ಸರಿಯಾಗಿ ಜೋಡಿಸಿದ. ಬಾಯ್ಲರಿನಲ್ಲಿ ಏನೂ ತೊಂದರೆಯಿಲ್ಲ, ಆದರೆ ಅದರ ಮೈ ಏಕೆ ನೆಗ್ಗಿದೆ ಎಂದು ಕೇಳಿದ. ನನಗೆ ತಟ್ಟನೆ ಒಂದು ಮೀಟಿಂಗು ನೆನಪಾಯಿತು.

ಅತ್ತೆ ಅವತ್ತು ಎಣ್ಣೆ ಹಚ್ಚಿಕೊಂಡು ಸಾವಕಾಶವಾಗಿ ಸ್ನಾನ ಮಾಡಿದರು. ಆಮೇಲೆ ತಂಗಿಗೆ ಫೋನ್ ಮಾಡಿ, ಬಾಯ್ಲರನ್ನು ಅಳಿಯನೇ ರಿಪೇರಿ ಮಾಡಿದ ಎಂದು ತುಳುವಿನಲ್ಲಿ ಹೇಳುತ್ತಿದ್ದರು. ಮೈಸೂರಿನವನಾದರೂ ನನಗೆ ಅಷ್ಟು ತುಳು ಅರ್ಥವಾಗುತ್ತದೆ. ತಿದ್ದಲು ಹೋಗಲಿಲ್ಲ.