ಬಸವೇಶ್ವರನಗರದಲ್ಲಿ ಸ್ಪೇನ್ ಸಾಹಿತ್ಯ

ಕಾನ್ವೆಂಟಿನಲ್ಲಿ ಓದಿದವರಿಗೆ ಹೊರದೇಶದ್ದೆಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಬಸವೇಶ್ವರನಗರದಲ್ಲಿ ಇನ್ನೂ ಗಟ್ಟಿಯಾಗಿದೆ. ಪಾಸ್ತಾ ಪೊಟ್ಟಣ ಹಿಡಿದು ಬಂದು, ಇದನ್ನು ಎಷ್ಟು ಬೇಯಿಸಬೇಕು ಎಂದು ಪಕ್ಕದ ಮನೆಯವರು ಕೇಳುವುದೂ ನನ್ನನ್ನೇ. ನಮಗೆ ಪಾಠ ಹೇಳಿದ ಸಿಸ್ಟರ್‌ಗಳೆಲ್ಲ ಮಂಗಳೂರು ಕಡೆಯವರು, ಅವರಿಂದ ನಾನು ಕಲಿತದ್ದು ಕಾಲುಚೀಲ ಜಾರದಂತೆ ನಡೆಯುವುದು ಮತ್ತು ಮೆಲ್ಲಗೆ ಮಾತಾಡುವುದು ಎಂದರೆ ಯಾರೂ ಒಪ್ಪುವುದಿಲ್ಲ. ಹೀಗಾಗಿ ನಮ್ಮ ಮಹಿಳಾ ಮಂಡಳಿಯ ತಿಂಗಳ ಸಭೆಯಲ್ಲಿ ಸ್ಪೇನ್ ಸಾಹಿತ್ಯದ ಚರಿತ್ರೆಯನ್ನು ಹೇಳುವ ಕೆಲಸ ನನ್ನ ತಲೆಗೆ ಬಂತು.

ಸಭೆಯ ಕ್ರಮ ಹೀಗೆ: ಮೊದಲು ಅರಿಶಿನ ಕುಂಕುಮ, ಆಮೇಲೆ ಅರ್ಧ ಗಂಟೆ ಸಾಹಿತ್ಯ, ಕೊನೆಗೆ ತಿಂಡಿ. ತಿಂಗಳಿಗೊಂದು ದೇಶ. ಹಿಂದಿನ ತಿಂಗಳು ರಷ್ಯಾ ಬಂದಿದ್ದಾಗ ಮುಂದಿನ ಸಾಲಿನವರೇ ಗೊರಕೆ ಹೊಡೆದದ್ದು ಅಧ್ಯಕ್ಷೆ ಸರೋಜಮ್ಮನವರ ಕಿವಿಗೆ ಬಿದ್ದಿತ್ತು. "ಈ ಸಲಾನೂ ಹಿಂಗೇ ಆದ್ರೆ ಸಾಹಿತ್ಯ ತೆಗೆದು ತಂಬೋಲ ಆಡಿಸ್ತೀನಿ ಕಣ್ರೀ" ಎಂದುಬಿಟ್ಟಿದ್ದರು. ತಂಬೋಲದ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ದಿನವೆಲ್ಲ ಬೇಳೆ, ಬಟ್ಟೆ, ಗ್ಯಾಸ್ ಬುಕಿಂಗ್ ಅನ್ನುತ್ತಿರುವ ನನಗೆ ಬೇರೊಂದು ಮಾತು ಆಡಲು, ಕೇಳಲು ಇದ್ದದ್ದು ಆ ಅರ್ಧ ಗಂಟೆ ಮಾತ್ರ. ಅದನ್ನು ಉಳಿಸುವ ಭಾರ ಸ್ಪೇನಿನ ಮೇಲೆ, ಸ್ಪೇನಿನ ಭಾರ ನನ್ನ ಮೇಲೆ.

ಲೈಬ್ರರಿಯಿಂದ ದಪ್ಪ ಪುಸ್ತಕ ತಂದು ಒಲೆಯ ಪಕ್ಕದಲ್ಲೇ ಓದಿದೆ. ವೀರಗೀತೆಗಳ ಕಾಲದಲ್ಲಿ ಹಾಲು ಉಕ್ಕಿತು, ಸುವರ್ಣಯುಗದಲ್ಲಿ ಹುಳಿ ಸೀದುಹೋಯಿತು. ನಮ್ಮ ಯಜಮಾನರನ್ನು ಕೂರಿಸಿಕೊಂಡು ತಾಲೀಮು ಮಾಡಿದೆ. ಪಾಪ, ಹದಿಮೂರನೆಯ ಶತಮಾನ ದಾಟುವಷ್ಟರಲ್ಲಿ ಅವರ ಕನ್ನಡಕ ಎದೆಯ ಮೇಲಕ್ಕೆ ಇಳಿದಿತ್ತು.

ಸಭೆಯ ದಿನ ಇಸವಿಗಳನ್ನೆಲ್ಲ ಬಿಟ್ಟೆ. ಆ ಭಾಷೆಯಲ್ಲಿ ಸಿಕ್ಕಿರುವ ಅತಿ ಹಳೆಯ ಸಾಲುಗಳಲ್ಲಿ, ನಲ್ಲ ಬರಲಿಲ್ಲ ಎಂದು ಹುಡುಗಿ ಅಮ್ಮನ ಹತ್ತಿರ ಗೋಳಾಡುವ ಪುಟ್ಟ ಹಾಡುಗಳೂ ಇವೆ, ಅಲ್ಲಿಂದ ಶುರುಮಾಡಿದೆ. ಕತ್ತಿ ಹಿಡಿದವರ ಕಥೆಗಳನ್ನು ಬೇಗ ದಾಟಿದೆ. ನಾಟಕ ನೋಡಲು ಹೋದ ಹೆಂಗಸರಿಗೆ ಅಲ್ಲಿ ಬೇರೆಯೇ ಅಟ್ಟವಿತ್ತು, ಅದಕ್ಕೆ ಅಡುಗೆ ಪಾತ್ರೆಯೊಂದರ ಹೆಸರಿತ್ತು ಎಂದಾಗ ಒಂದಿಬ್ಬರು ನಕ್ಕರು. ಮಠದ ಸನ್ಯಾಸಿನಿಯರು ದೇವರನ್ನೇ ಗಂಡನೆಂದು ಬರೆದರು ಎಂದಾಗ ಹುಬ್ಬಳ್ಳಿ ಕಡೆಯ ಶಾಂತಕ್ಕ ನೆಟ್ಟಗೆ ಕೂತು, ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, "ಹಂಗಂದ್ರ ನಮ್ಮ ಶರಣೆಯರ ಗತೆನ ಅಲ್ರಿ?" ಎಂದರು. ಆದರೂ ಹಿಂದಿನ ಸಾಲಿನಲ್ಲಿ ಆಕಳಿಕೆ ಶುರುವಾಗಿತ್ತು. ಆಕಳಿಕೆ ಹಿಂದಿನಿಂದ ಮುಂದಕ್ಕೆ ಬರುವ ವೇಗ ನನಗೆ ಗೊತ್ತು.

ಆಗ ಪೋಕರಿ ಕಾದಂಬರಿಗಳು ಬಂದವು. ಅದು ಸ್ಪೇನಿನವರು ಜಗತ್ತಿಗೆ ಕೊಟ್ಟ ಪ್ರಕಾರ. ಹೊಟ್ಟೆಪಾಡಿಗೆ ಮನೆಯಿಂದ ಮನೆಗೆ ಹೋಗುವ ಆಳು, ಯಾವ ಧಣಿ ಎಂಥವನು, ಯಾರು ರೊಟ್ಟಿಗೆ ಬೀಗ ಹಾಕಿಡುತ್ತಾನೆ, ಯಾರದು ಮೇಲೆ ಥಳಕು ಒಳಗೆ ಹುಳುಕು ಎಂಬುದನ್ನೆಲ್ಲ ತಾನೇ ಹೇಳಿಕೊಂಡು ಹೋಗುತ್ತಾನೆ ಎಂದು ವಿವರಿಸಿದೆ.

ಸಭೆ ಎಚ್ಚರವಾಯಿತು. ಸರೋಜಮ್ಮನವರ ಬೀಸಣಿಗೆ ನಿಂತಿತು. "ಅಂದ್ರೆ, ಕೆಲಸದೋರು ಮನೆಮನೆ ವಿಷಯಾನೆಲ್ಲ ಹೊರಗೆ ಹಾಕ್ಬಿಟ್ರಾ?"

"ಹೌದು ಆಂಟಿ. ಊರೆಲ್ಲ ಓದಿತಂತೆ."

ಹೇಳಬೇಕಾದ ಸಂಗತಿ ಏನೆಂದರೆ, ಸರೋಜಮ್ಮ, ಶಾಂತಕ್ಕ, ನಾನು ಮತ್ತು ಹಿಂದಿನ ಸಾಲಿನ ಅರ್ಧದಷ್ಟು ಮಂದಿ, ಇಷ್ಟೂ ಜನರ ಮನೆಯಲ್ಲಿ ಪಾತ್ರೆ ತೊಳೆಯುವವಳು ಒಬ್ಬಳೇ, ನಾಗಮ್ಮ. ಯಾರೂ ಅವಳ ಹೆಸರೆತ್ತಲಿಲ್ಲ. ಆದರೆ ಒಬ್ಬೊಬ್ಬರ ಮುಖದಲ್ಲೂ ಅವಳು ಬಂದು ಹೋದದ್ದು ಕಾಣುತ್ತಿತ್ತು. ನನಗೂ ಅವಳಿಗೆಂದು ಎತ್ತಿಟ್ಟಿದ್ದ ನಿನ್ನೆಯ ಪಲ್ಯದ ನೆನಪಾಯಿತು. ಆಮೇಲೆ ಪ್ರಶ್ನೆಗಳ ಮೇಲೆ ಪ್ರಶ್ನೆ. ಆ ಆಳುಗಳಿಗೆ ಓದು ಬರಹ ಬರುತ್ತಿತ್ತೇ, ಧಣಿಗಳ ಹೆಸರನ್ನೂ ಹಾಕಿದ್ದರೇ, ಕೇಸು ಗೀಸು ಆಗಲಿಲ್ಲವೇ. ಅದು ಆಳಿನ ಬಾಯಲ್ಲಿ ಹೇಳಿಸಿದ ಕಥೆ, ನಿಜವಾದ ಆಳೇ ಬರೆದದ್ದಲ್ಲ ಎಂದು ಹೇಳಲು ಬಾಯಿ ತೆರೆದರೆ ಕೇಳುವವರೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ದೊಡ್ಡ ಕಾದಂಬರಿಗಳು, ಅಂತರ್ಯುದ್ಧದಲ್ಲಿ ದೇಶ ಬಿಟ್ಟ ಕವಿಗಳು, ಎಲ್ಲರೂ ನನ್ನ ಚೀಲದಲ್ಲೇ ಉಳಿದರು. ಒಳಗೆ ಉಪ್ಪಿಟ್ಟು ಆರುತ್ತಿದ್ದರೂ ಯಾರೂ ಏಳಲಿಲ್ಲ.

ಕೊನೆಗೆ ಸರೋಜಮ್ಮನವರು ಎದ್ದು ತೀರ್ಪು ಕೊಟ್ಟರು: "ತಂಬೋಲ ಬೇಡ, ಸಾಹಿತ್ಯಾನೇ ಇರ್ಲಿ. ಆದ್ರೆ ಸ್ಪೇನ್ ಸಾಕು."

ಸಾಹಿತ್ಯದಿಂದ ಸಮಾಜ ಸುಧಾರಿಸುತ್ತದೆಯೇ ಎಂದು ಶಾಲೆಯಲ್ಲಿ ಪ್ರಬಂಧ ಬರೆಸುತ್ತಿದ್ದರು. ಸುಧಾರಿಸುತ್ತದೆ ಎಂದೇ ಎಲ್ಲರೂ ಬರೆಯುತ್ತಿದ್ದೆವು, ನೋಡಿದವರು ಯಾರೂ ಇರಲಿಲ್ಲ. ಮಾರನೆಯ ದಿನ ನಾಗಮ್ಮ ಬಂದಾಗ ನಾನು ಕಾವಲಿಯಿಂದ ನೇರ ಅವಳ ತಟ್ಟೆಗೆ ದೋಸೆ ಹಾಕಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನಕ್ಕಾ ಇವತ್ತು? ಸರೋಜಮ್ಮೋರು ಬಿಸಿ ಇಡ್ಲಿ ಕೊಟ್ರು, ಶಾಂತಕ್ಕೋರು ತುಪ್ಪ ಹಾಕಿದ್ರು, ನೀವು ದೋಸೆ ಹುಯ್ತಾ ಇದೀರಿ. ಹಬ್ಬ ಗಿಬ್ಬಾನಾ?"

ಮಂಡಳಿಯಲ್ಲಿ ನಿನ್ನೆ ಸ್ಪೇನ್ ದೇಶದ ಕಥೆ ಓದಿದೆವು, ಅದಕ್ಕೆ ಇರಬೇಕು ಎಂದೆ. ಸ್ಪೇನ್ ಎಲ್ಲಿದೆ ಎಂದು ಅವಳು ಕೇಳಲಿಲ್ಲ. ದೋಸೆ ಮುರಿದು ಚಟ್ನಿಗೆ ಅದ್ದಿದಳು.

"ತಿಂಗ್ಳು ತಿಂಗ್ಳೂ ಅದನ್ನೇ ಓದ್ರಕ್ಕಾ" ಎಂದಳು.