ಬಟ್ಟೆಗೆ ಹತ್ತಿದ ನೀಲಿ

ನಮ್ಮಪ್ಪನಿಗೆ ಕಾರು ಬೇಕಾಗಿದ್ದು ಓಡಾಡುವುದಕ್ಕಲ್ಲ, ಗುಬ್ಬಿಯ ಬೀಗರಿಗೆ ತೋರಿಸುವುದಕ್ಕೆ. ಅಕ್ಕನ ಮದುವೆಯಲ್ಲಿ ಹೆಣ್ಣು ಗಂಡನ್ನು ಕಾರಿನಲ್ಲೇ ಕಳಿಸುತ್ತೇನೆಂದು ಎಲ್ಲರ ಮುಂದೆ ಹೇಳಿದ್ದ. ಗೊತ್ತು ಮಾಡಿದ್ದ ಬಾಡಿಗೆ ಕಾರು ಬರಲೇ ಇಲ್ಲ. ಅಕ್ಕ ಬಾಸಿಂಗ ಕಟ್ಟಿಕೊಂಡೇ ಬಸ್ಸು ಹತ್ತಿದಳು. ಅಲ್ಲಿಂದ ಮುಂದೆ ಅವಳ ಮಾವ ಎಲ್ಲಿ ಸಿಕ್ಕರೂ "ಕಾರು ಬಂತಾ ಬೀಗ್ರೇ?" ಅಂತ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಮನೆಗೆ ಬಂದ ಮೇಲೆ ಊಟ ಸೇರುತ್ತಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ, ಅಲ್ಲಿನ ವ್ಯಾನು ಓಡಿಸಿ ಅಭ್ಯಾಸವಿತ್ತು. ಅಕ್ಕ ಬಾಣಂತನ ಮುಗಿಸಿ ಮಗುವಿನ ಜೊತೆ ಗಂಡನ ಮನೆಗೆ ಹೊರಡುವ ಹೊತ್ತಿಗೆ ಕುಣಿಗಲ್ಲಿನ ಡಾಕ್ಟರೊಬ್ಬರ ಹಳೇ ಕಾರು ಕೊಂಡು ತಂದ. ನೀಲಿ ಕಾರು ಅಂದ. ನನಗೇನೂ ನೀಲಿ ಕಾಣಲಿಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು, ಮೇಲೆ ಬೂದಿ ಉದುರಿಸಿದ ಹಾಗಿತ್ತು. ಬೆರಳಲ್ಲಿ ಗೀಚಿದರೆ ಹೆಸರು ಬರೆಯಬಹುದಿತ್ತು.

ಶಿರಾ ಗೇಟಿನ ಅಂಗಡಿಯಿಂದ ಕಾರಿನ ಬಣ್ಣ ಉಜ್ಜುವ ಪೇಸ್ಟಿನ ಡಬ್ಬಿ ಬಂತು. ಅಪ್ಪ ಹಳೇ ಪಂಚೆ ಹರಿದು, ಒದ್ದೆ ಮಾಡಿ, ಬಾಗಿಲ ಮೇಲೆ ಮೆಲ್ಲಗೆ ಉಜ್ಜಿದ. ಬಟ್ಟೆ ನೀಲಿಯಾಯಿತು. ಬೆಚ್ಚಿ ಕೈ ತೆಗೆದ.

"ಬಣ್ಣ ಹೋಯ್ತಾ ಐತೆ ಕಣೇ."

"ಅದು ಬಣ್ಣ ಅಲ್ಲ ಕಣ್ರೀ, ಕೊಳೆ," ಅಂದಳು ಅಮ್ಮ.

"ಕೊಳೆ ಎಲ್ಲಾದ್ರೂ ನೀಲಿ ಇರ್ತದಾ?"

"ನೀಲಿ ಕಾರಿನ ಕೊಳೆ ಇನ್ಯಾವ ಬಣ್ಣ ಇರ್ತದೆ?"

ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಕೂತರೆ ನಮ್ಮಮ್ಮ ಕಪ್ಪುಗಟ್ಟಿದ ಹಿತ್ತಾಳೆ ಹಂಡೆಯಲ್ಲಿ ಮುಖ ಕಾಣುವಂತೆ ಮಾಡುತ್ತಿದ್ದಳು. ಬಟ್ಟೆಗೆ ಏನೂ ಹತ್ತದ ತನಕ ಉಜ್ಜಬೇಕು ಅನ್ನುವುದು ಅವಳ ಲೆಕ್ಕ. ಅದೇ ಲೆಕ್ಕ ಕಾರಿಗೂ ಹಾಕಿದಳು. ನಾರು ಬೇಡ, ಬಟ್ಟೆ ಸಾಕು ಅಂತ ಒಪ್ಪಿಸುವುದಕ್ಕೇ ನಾನು ಜಗಳ ಆಡಬೇಕಾಯಿತು.

ಸುಳ್ಳು ಯಾಕೆ ಹೇಳಲಿ, ಅಮ್ಮ ಉಜ್ಜಿದ ಕಡೆ ಆ ಬೂದಿ ಬಣ್ಣ ಹೋಗಿ ಒಳ್ಳೆಯ ಗಾಢ ನೀಲಿ ಎದ್ದು ಬಂತು. ಅಂಗಳದ ತೆಂಗಿನ ಮರ ಅದರಲ್ಲಿ ಕಾಣುತ್ತಿತ್ತು. ಹಾಗಿದ್ದರೆ ಅಮ್ಮನದೇ ಸರಿ. ಆದರೆ ಬಟ್ಟೆಗೆ ನೀಲಿ ಹತ್ತುವುದು ನಿಲ್ಲಲೇ ಇಲ್ಲ. ಹಾಗಿದ್ದರೆ ಅಪ್ಪನದೂ ಸರಿ. ಹೊಳಪು ಬರುತ್ತಿದೆಯೋ ಬಣ್ಣ ಹೋಗುತ್ತಿದೆಯೋ ಒಂದೂ ತಿಳಿಯದೆ ನನ್ನ ತಲೆ ಕೆಟ್ಟುಹೋಯಿತು.

"ನೀನು ಸೈನ್ಸ್ ಓದ್ತೀಯಲ್ಲ, ಹೇಳು," ಅಂದ ಅಪ್ಪ.

ಪಿಯುಸಿಯಲ್ಲಿ ನನಗೆ ಕಪ್ಪೆಯ ಹೊಟ್ಟೆಯಲ್ಲಿ ಏನಿದೆ ಅನ್ನುವುದು ಗೊತ್ತಿತ್ತು, ಕಾರಿನ ಮೈಮೇಲೆ ಏನಿದೆ ಅನ್ನುವುದು ಗೊತ್ತಿರಲಿಲ್ಲ. "ನಂಗೇನ್ ಗೊತ್ತು," ಅಂತ ರೇಗಿ, ನಾನೂ ಒಂದು ತುಂಡು ಬಟ್ಟೆ ತಗೊಂಡೆ. ತೀರ್ಮಾನ ಯಾರೂ ಮಾಡಲಿಲ್ಲ, ಉಜ್ಜುವುದು ಮಾತ್ರ ಎಲ್ಲರೂ ಉಜ್ಜಿದೆವು.

ಹೊರಡುವ ಹಿಂದಿನ ದಿನ ಬಾನೆಟ್ಟಿನ ಮೇಲೆ ಇಟ್ಟಿಗೆ ಬಣ್ಣದ ಕೆಂಪು ಕಾಣಿಸಿತು. ತುಕ್ಕಿರಬೇಕು ಅಂತ ಅಮ್ಮ ಇನ್ನೂ ಜೋರಾಗಿ ಉಜ್ಜಿದಳು. ಕೆಂಪು ಅಂಗೈಯಗಲ ಆಯಿತು. ಹಿತ್ತಾಳೆ ಎಷ್ಟು ಉಜ್ಜಿದರೂ ಒಳಗೂ ಹಿತ್ತಾಳೆಯೇ. ಕಾರಿನ ಬಣ್ಣ ಹಪ್ಪಳದಷ್ಟೂ ದಪ್ಪ ಇರುವುದಿಲ್ಲ, ಅದರಡಿಗೆ ಕೆಂಪು ಪ್ರೈಮರ್ ಬಳಿದಿರುತ್ತಾರೆ ಅಂತ ನಮಗೆ ಯಾರು ಹೇಳಿದ್ದರು? ಅಪ್ಪ ಜಗಲಿಯ ಮೇಲೆ ಕೂತುಬಿಟ್ಟ. "ಕೊಳೇನೂ ಹೋಯ್ತು, ಬಣ್ಣಾನೂ ಹೋಯ್ತು ಬುಡು," ಅಂದ. ಅವನ ಮುಖ ನೋಡಿ ನನಗೆ ಅಳು ಬಂತು. ಅಮ್ಮ ಒಳಗಿನಿಂದ ಕೊಬ್ಬರಿ ಎಣ್ಣೆ ತಂದು ಕಾರಿಗೆಲ್ಲ ಸವರಿದಳು. ತಲೆಗಾಗಲಿ ಕಿರುಗುಟ್ಟುವ ಬಾಗಿಲಿಗಾಗಲಿ ನಮ್ಮ ಮನೆಯಲ್ಲಿ ಕೊನೆಯ ಮದ್ದು ಅದೇ. ಕೆಂಪು ಸ್ವಲ್ಪ ಅಡಗಿದ ಹಾಗೆ ಕಂಡಿತು.

ಗುಬ್ಬಿ ಮುಟ್ಟುವಷ್ಟರಲ್ಲಿ ದಾರಿಯ ಧೂಳೆಲ್ಲ ಎಣ್ಣೆಗೆ ಮೆತ್ತಿಕೊಂಡು ಕಾರು ರಸ್ತೆಯದೇ ಬಣ್ಣವಾಗಿತ್ತು. ಬೀಗರ ಮನೆ ಮುಂದೆ ಇಳಿದವನೇ ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಬಾನೆಟ್ಟು ಒರೆಸತೊಡಗಿದ. ಒರೆಸಿದಷ್ಟೂ ಕೆಂಪು ಎದ್ದು ಕಂಡಿತು. ಅಷ್ಟರಲ್ಲಿ ಬೀಗರು ಹೊರಗೆ ಬಂದರು.

"ಕಾರು ಬಂದೇಬುಡ್ತಲ್ಲ ಬೀಗ್ರೇ. ಬಾಡಿಗೆಗೆ ಯಾರ್ದು ಸಿಕ್ತು?"

"ಸ್ವಂತದ್ದು," ಅಂದ ಅಪ್ಪ. ಆ ಮಾತು ಅವನಿಗೇ ಕೇಳಿಸಿತೋ ಇಲ್ಲವೋ.

"ಹೂಂ ಹೂಂ, ಬುಡಿ," ಅಂತ ಅವರು ನಕ್ಕರು. ನನಗೆ ಮೈ ಉರಿಯಿತು.

ಮಗುವಿಗೆ ಆರತಿ ಎತ್ತಲು ಬಂದಿದ್ದ ಬೀಗರ ತಾಯಿ ಆರತಿ ಮುಗಿಸಿ ತಟ್ಟೆ ಕೆಳಗಿಟ್ಟು, ಅಮ್ಮನ ತೋಳಿನಲ್ಲಿದ್ದ ಮಗುವನ್ನು ತಗೊಳ್ಳಲು ಕೈ ಚಾಚಿದರು. ಚಾಚಿದವರು ಹಾಗೇ ನಿಂತರು. ಅಮ್ಮನ ಉಗುರಿನ ಸಂದಿಯೆಲ್ಲ ನೀಲಿ. ಅಜ್ಜಿ ಆ ಕೈ ಹಿಡಿದು ತಿರುಗಿಸಿ ನೋಡಿದರು. ಬಾನೆಟ್ಟಿನ ಕೆಂಪು ನೋಡಿದರು. ಅಪ್ಪನ ಬೆರಳು ನೋಡಿದರು. ನಾನು ನನ್ನ ಕೈಗಳನ್ನು ಬೆನ್ನ ಹಿಂದೆ ಸೇರಿಸಿದೆ.

"ಏನ್ಲಾ," ಅಂದರು ಮಗನಿಗೆ, "ಬಾಡಿಗೆ ಕಾರನ್ನ ಯಾರಾನಾ ಹಿಂಗೆ ಚರ್ಮ ಸುಲಿಯೋ ಹಂಗೆ ಉಜ್ತಾರೇನ್ಲಾ? ಇವ್ರ ಕೈ ನೋಡು."

ಬೀಗರ ನಗು ನಿಂತಿತು. ಅಪ್ಪ ಒರೆಸುವುದು ಬಿಟ್ಟು ಟವೆಲನ್ನು ಮತ್ತೆ ಹೆಗಲ ಮೇಲೆ ಹಾಕಿಕೊಂಡ.

ಅಜ್ಜಿ ನಮ್ಮನ್ನು ಹೊಗಳಿದರೋ ಬೈದರೋ ನನಗೆ ಇವತ್ತಿಗೂ ತಿಳಿದಿಲ್ಲ. ಅಪ್ಪನಿಗೆ ತಿಳಿದಿತ್ತು ಅನ್ನಿಸುತ್ತದೆ. ಆ ಕಾರು ನಮ್ಮಲ್ಲಿ ಇದ್ದಷ್ಟು ಕಾಲವೂ ಆ ಕೆಂಪಿನ ಮೇಲೆ ಬಣ್ಣ ಹಾಕಿಸಲು ಅವನು ಬಿಡಲಿಲ್ಲ.