ವೆಂಕಟರತ್ನಮ್ಮನ ಮೊಮ್ಮಗಳು ಬಿಎಸ್ಸಿ ಸೇರಿದ್ದು

ಕ್ಯಾಸಂಬಳ್ಳಿಯ ನಮ್ಮ ಬೀದಿಯಲ್ಲಿ ಗ್ರಾಮದೇವತೆ ಗಂಗಮ್ಮನಿಗೆ ವೆಂಕಟರತ್ನಮ್ಮನಷ್ಟು ಕೆಲಸ ಕೊಡುವವರು ಇನ್ನೊಬ್ಬರಿಲ್ಲ. ಹಸು ಕೊಳ್ಳುವುದಿರಲಿ, ಕೊಟ್ಟಿಗೆಯ ಶೀಟು ಬದಲಾಯಿಸುವುದಿರಲಿ, ಗುಡಿಗೆ ಹೋಗಿ ಹೂ ಕೇಳಲೇಬೇಕು. ಪೂಜಾರಿ ಚಿಕ್ಕಮುನಿಯಪ್ಪ ಒದ್ದೆ ಹೂಗಳನ್ನು ಅಮ್ಮನ ಎರಡು ಭುಜಕ್ಕೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ನಾನೂ ಆ ಗುಡಿಯಲ್ಲಿ ದೀಪ ಹಚ್ಚುವವಳೇ. ಆದರೆ ಹೋದ ವರ್ಷ ಈಕೆ ಕೋಳಿಗೂಡಿನ ಬಾಗಿಲು ಯಾವ ಕಡೆಗಿರಲಿ ಎಂದು ಕೇಳಿದಾಗ, ಅಮ್ಮನ ಮುಖ ನೋಡಲು ನನಗೇ ಸಂಕೋಚವಾಯಿತು.

ಈ ಸಲ ವಿಷಯ ದೊಡ್ಡದು. ಮೊಮ್ಮಗಳು ಲಿಖಿತ ಪಿಯುಸಿ ಮುಗಿಸಿ, ಬಂಗಾರಪೇಟೆಯ ಕಾಲೇಜಿನಲ್ಲಿ ಬಿಎಸ್ಸಿಯೇ ಸೇರುತ್ತೇನೆಂದು ಹಟ ಹಿಡಿದಿದ್ದಳು. ರಸಾಯನಶಾಸ್ತ್ರವೆಂದರೆ ಅವಳಿಗೆ ಪ್ರಾಣ. ಅಜ್ಜಿ ಬಿಕಾಂ ಎಂದಳು. ಯಾಕೆಂದು ಕೇಳಿದರೆ ಹೇಳಲಿಲ್ಲ. ಮಗ ಸೊಸೆ ಇಬ್ಬರೂ ಫ್ಯಾಕ್ಟರಿಗೆ ಹೋಗುವವರು, "ಅಮ್ಮ ಏನಂದ್ರೆ ಅದೇ" ಎಂದು ಜಾರಿಕೊಂಡರು. ಅರ್ಜಿಯ ಕೊನೆಯ ದಿನ ಬೆಳಿಗ್ಗೆ ಅಜ್ಜಿ, ಮೊಮ್ಮಗಳು, ಜೊತೆಗೆ ನಾನು ಗುಡಿಗೆ ಹೋದೆವು.

"ಬಿಎಸ್ಸಿ ಆಗೋದಾದ್ರೆ ಬಲಗಡೆ ಕೊಡು ತಾಯಿ" ಎಂದು ವೆಂಕಟರತ್ನಮ್ಮ ಕೈ ಮುಗಿದಳು. ಬಲಗಡೆಯ ಹೂ ಪಟ್ಟನೆ ಬಿತ್ತು.

"ಗಾಳಿಗೆ ಬಿತ್ತು. ಇನ್ನೊಂದ್ ಸಲ ಇಕ್ಕಪ್ಪ."

ಮತ್ತೆ ಬಲಗಡೆಯದೇ ಬಿತ್ತು.

"ನೀರು ಜಾಸ್ತಿ ಆಗೋಯ್ತು."

ಚಿಕ್ಕಮುನಿಯಪ್ಪ ತಟ್ಟೆ ಕೆಳಗಿಟ್ಟರು. "ಎರಡ್ ಸಲ ಯೇಳವ್ಳೆ ಕಣಮ್ಮ. ಇನ್ನೇನು, ಎದ್ದು ಬಂದು ಅರ್ಜೀನೂ ತುಂಬ್ಕೊಡ್ಬೇಕಾ?"

ಲಿಖಿತ ಸೆರಗಿನಂತೆ ವೇಲು ಬಾಯಿಗಿಟ್ಟುಕೊಂಡು ನಕ್ಕಳು. ಅಜ್ಜಿ ನಗಲಿಲ್ಲ.

ಅಲ್ಲಿಂದ ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಯ ಸೈಬರ್ ಸೆಂಟರಿಗೆ ಹೋದೆವು. ಅಂಗಡಿಯ ಸೆಲ್ವರಾಜ್ ಎಲ್ಲ ತುಂಬಿಸಿ, ಕೊನೆಗೆ ಅಜ್ಜಿಯನ್ನು ತನ್ನ ತಮಿಳಿನಲ್ಲಿ ಕರೆದು, "ಪಾಟಿ, ನಿಮ್ ಫೋನ್‌ಗೆ ಓಟಿಪಿ ಬಂತಲ್ಲ, ಹೇಳಿ" ಎಂದ. ಅರ್ಜಿಯಲ್ಲಿ ಕೊಟ್ಟಿದ್ದು ಅಜ್ಜಿಯ ನಂಬರು. ವೆಂಕಟರತ್ನಮ್ಮ ಫೋನನ್ನು ಎದೆಗೆ ಅವುಚಿಕೊಂಡಳು.

"ಯೇಳಲ್ಲ."

"ಹತ್ ನಿಮಿಷಕ್ಕೆ ಸತ್ತೋಗ್ತದೆ ಪಾಟಿ!"

"ಸಾಯ್ಲಿ ಬಿಡು."

ಲಿಖಿತಳ ಕಣ್ಣು ತುಂಬಿತು. ಆದರೂ ಜಗಳವಾಡದೆ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಗಂಗಮ್ಮನ್ ಬಿಡಜ್ಜಿ. ನಿಂಗೇನು ಕಷ್ಟ, ಅದ್ ಯೇಳು."

ವೆಂಕಟರತ್ನಮ್ಮ ನನ್ನ ಕಡೆ ತಿರುಗಿ ಹೇಳಿದಳು. "ಬಿಎಸ್ಸೀಗೆ ಸಾಯಂಕಾಲದವರ್ಗೂ ಪ್ರಾಕ್ಟಿಕಲ್ ಅಂತೆ ಕಣಕ್ಕ. ಇವ್ಳು ಬರೋಷ್ಟ್ರಲ್ಲಿ ಡೇರಿ ಮುಚ್ತಾರೆ. ನಮ್ ಹಸ ಗೌರಿ ಇವ್ಳ ಕೈಗೆ ಬಿಟ್ರೆ ಇನ್ಯಾರಿಗೆ ಸೊರೆ ಬಿಟ್ಟು ಹಾಲ್ ಕೊಡ್ತಾಳೆ? ನನ್ ಕಂಡ್ರೆ ಒದೀತಾಳೆ. ಬಿಕಾಂ ಆದ್ರೆ ಮದ್ಯಾನಕ್ಕೇ ಮನೇಗ್ ಬತ್ತಾಳೆ."

ಹಸುವಿನ ಟೈಮ್‌ಟೇಬಲ್ ನೋಡಿ ಕೋರ್ಸು ಆರಿಸಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸೆಲ್ವರಾಜ್ ನಗು ತಡೆಯಲಾರದೆ ಫ್ಯಾನಿನ ಕಡೆ ನೋಡಿದ.

"ಅದನ್ ಗಂಗಮ್ಮನ್ ತಲೆ ಮ್ಯಾಲೆ ಯಾಕಾಕ್ದೆ?" ಎಂದಳು ಲಿಖಿತ.

"ಹಸೂಗೋಸ್ಕರ ನಿನ್ನ ಓದು ಬಿಡಿಸ್ತೀನಿ ಅಂತ ನನ್ ಬಾಯಾಗೆ ಎಂಗೆ ಯೇಳ್ಲಿ?"

ಹೇಳಿಬಿಟ್ಟ ಮೇಲೆ ಆಕೆಯ ಹಟವೂ ಸಡಿಲಿತು. ಕೊನೆಗೆ ವೆಂಕಟರತ್ನಮ್ಮ ಫೋನನ್ನು ದೂರ ಹಿಡಿದು, ಒಂದೊಂದೇ ಅಂಕಿಯನ್ನು ಯಾರನ್ನೋ ಬೈಯುವ ದನಿಯಲ್ಲಿ ಓದಿದಳು. ಲಿಖಿತಳಿಗೆ ಬಿಎಸ್ಸಿ ಆಯಿತು.

ಮೊದಲ ಪ್ರಾಕ್ಟಿಕಲ್ಲಿನ ದಿನ ಸಾಯಂಕಾಲ ನಾನು ಅವರ ಕೊಟ್ಟಿಗೆಯ ಕಡೆ ಹೋದೆ. ವೆಂಕಟರತ್ನಮ್ಮ ಸೀರೆಯ ಮೇಲೆ ಲಿಖಿತಳ ಒಗೆಯದ ಚೂಡಿದಾರದ ಟಾಪು ತೊಟ್ಟು, ಅವಳದೇ ವೇಲನ್ನು ತಲೆಗೆ ಸುತ್ತಿಕೊಂಡು, ಗೌರಿಯ ಪಕ್ಕ ಕೂತಿದ್ದಳು. ಗೌರಿ ಕತ್ತು ತಿರುಗಿಸಿ ವೇಲನ್ನು ಮೂಸಿತು. ಮುದುಕಿಯ ಮುಖವನ್ನು ಅನುಮಾನದಿಂದ ನೋಡಿತು. ಮತ್ತೊಮ್ಮೆ ಮೂಸಿತು. ಎತ್ತಿದ ಕಾಲನ್ನು ಕೆಳಗಿಟ್ಟಿತು. ಬಿಂದಿಗೆಯೊಳಗೆ ಸರ್ ಎಂದು ಸದ್ದಾಯಿತು.

ಹೊತ್ತಾಯಿತೆಂದು ಆಕೆ ಅದೇ ವೇಷದಲ್ಲಿ ಡೇರಿಗೆ ಓಡಿದಳು. ಹಾಲು ಅಳೆಯುವ ದೊಡ್ಡವೆಂಕಟಪ್ಪ ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಕೆಳಗೆ ನೋಡಿದ.

"ಏನ್ ರತ್ನಕ್ಕ, ನೀನೂ ಕಾಲೇಜ್ ಸೇರ್ದಾ?"

"ಊಂ ಕಣಪ್ಪ, ನಂದೂ ಪ್ರಾಕ್ಟಿಕಲ್ಲೇ. ನೀನು ಹಾಲಳೆ ಮೊದ್ಲು."